ಜರ್ಮನಿ ವಾರ್ಡಿನಿಂದ – 17: ಗಾರ್ಡಿನಾಲ್ ಮಾತ್ರೆಯ ಜರ್ಮನ್ ಕಥೆ

ಈ ಸಲದ್ದು ಉದ್ದ ಇದೆ, ಮತ್ತೆ ಮಧ್ಯದಲ್ಲಿ ಸ್ವಲ್ಪ ಕಷ್ಟದ ವಿಷಯವೂ ಇದೆ. ಊಟದ ಹೊತ್ತಲ್ಲಿ ಓದಬೇಡಿ, ಬಿಡುವಾದಾಗ ಓದಿ.

ಹೋದ ತಿಂಗಳು ನಮ್ಮ ಕೊಳ್ಳೇಗಾಲದ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಯಾರು ಅಂತ ಹೇಳಲ್ಲ, ಅವರ ಮನೆಯ ವಿಷಯ. ಮಗಳಿಗೆ ನಾಲ್ಕು ವರ್ಷದಿಂದ ಫಿಟ್ಸಿನ ಮಾತ್ರೆ ನಡೆಯುತ್ತಿದೆ. ಎರಡು ವರ್ಷದಿಂದ ಒಂದು ಸಲವೂ ಬಂದಿಲ್ಲ. ಈಗ ಒಂದು ಸಂಬಂಧ ಕೂಡಿಬಂದಿದೆ. "ಗಂಡಿನ ಮನೆಗೆ ಮಾತ್ರೆ ಡಬ್ಬಿ ಹೊತ್ಕೊಂಡು ಹೋಗೋಕಾಗುತ್ತಾ ಕಣವ್ವ? ಜರ್ಮನಿಲಿ ಒಂದೇ ಕೋರ್ಸಿಗೆ ವಾಸಿ ಮಾಡೋ ಮಾತ್ರೆ ಇರ್ತದಂತಲ್ಲ, ಅದನ್ನ ಕಳಿಸು" ಅಂದರು. ಮಾತ್ರೆ ನಿಲ್ಲಿಸಬೇಡಿ, ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂತ ಹೇಳಿ, ಯಾವ ಮಾತ್ರೆ ಅಂತ ಕೇಳಿದೆ. ಸ್ಟ್ರಿಪ್ಪಿನ ಫೋಟೋ ಕಳಿಸಿದರು. ಗಾರ್ಡಿನಾಲ್. "ಇದೇ ಜರ್ಮನಿ ಮಾತ್ರೆ" ಅಂದರೆ ಅವರು ನಂಬಲಿಲ್ಲ, ನಾನು ಕಳಿಸುವುದಕ್ಕೆ ತಪ್ಪಿಸಿಕೊಳ್ಳುತ್ತಿದ್ದೇನೆ ಅಂದುಕೊಂಡರು.

ಆದರೆ ನಿಜ. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಗಾರ್ಡಿನಾಲ್ ಅಂತ ಸಿಗುವ ಆ ಪುಟ್ಟ ಬಿಳಿ ಮಾತ್ರೆಯೊಳಗಿನ ಔಷಧಿಯ ಹೆಸರು ಫಿನೋಬಾರ್ಬಿಟಾಲ್. ಹುಟ್ಟಿದ್ದು ಇಲ್ಲಿ, ಜರ್ಮನಿಯಲ್ಲಿ. ಇಲ್ಲಿ ಅದರ ಹೆಸರು ಲುಮಿನಾಲ್. ನೂರು ವರ್ಷ ದಾಟಿದರೂ ಇವತ್ತಿಗೂ ಅದೇ ಹೆಸರಿನಲ್ಲಿ ಸಿಗುತ್ತೆ. ನಾನು ಕೆಲಸ ಮಾಡುವ ನರರೋಗ ವಾರ್ಡಿನಲ್ಲಿ ಹೊಸಬರಿಗೆ ಅದನ್ನು ಬರೆಯುವುದು ಅಪರೂಪ, ಹೊಸ ಮಾತ್ರೆಗಳು ಬಂದಿವೆ. ಆದರೆ ನಲವತ್ತು ಐವತ್ತು ವರ್ಷದಿಂದ ಅದೊಂದನ್ನೇ ನಂಬಿಕೊಂಡು ಬಂದ ಅಜ್ಜಿ ತಾತಂದಿರು ಆಗಾಗ ಬರುತ್ತಾರೆ. ಅವರ ಮಾತ್ರೆ ಬದಲಾಯಿಸುವುದಕ್ಕೆ ಡಾಕ್ಟರುಗಳೂ ಹಿಂದೆ ಮುಂದೆ ನೋಡುತ್ತಾರೆ. ಚೆನ್ನಾಗಿ ಓಡುತ್ತಿರುವ ಗಾಡಿಯ ಎಂಜಿನ್ ಯಾಕೆ ಬಿಚ್ಚಬೇಕು ಅಂತ.

ಈ ಮಾತ್ರೆ ಬರುವ ಮೊದಲು ಏನಿತ್ತು? ನಮ್ಮಲ್ಲಿ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ದೇವಸ್ಥಾನದಲ್ಲಿ ಮೂರು ರಾತ್ರಿ ಮಲಗಿಸುವುದು. ಇಲ್ಲಿನವರು ಬುದ್ಧಿವಂತರಾಗಿದ್ದರು ಅಂದುಕೊಳ್ಳಬೇಡಿ, ಇಲ್ಲೂ ಮೂರ್ಛೆರೋಗ ಬಂದವರನ್ನು ಊರಿಂದ ದೂರದ ಆಶ್ರಮಗಳಿಗೆ ಸೇರಿಸಿಬಿಡುತ್ತಿದ್ದರು. ಬೀಲೆಫೆಲ್ಡ್ ಹತ್ತಿರದ ಬೇಥೆಲ್ ಅನ್ನುವ ದೊಡ್ಡ ಸಂಸ್ಥೆ 1867ರಲ್ಲಿ ಶುರುವಾದದ್ದೇ ಮೂರ್ಛೆರೋಗದ ಹುಡುಗರಿಗಾಗಿ. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೊಕಾಕ್ ಅನ್ನುವ ಡಾಕ್ಟರು ಪೊಟ್ಯಾಸಿಯಂ ಬ್ರೋಮೈಡ್ ಅನ್ನುವ ಉಪ್ಪಿನಿಂದ ಫಿಟ್ಸ್ ಕಡಿಮೆಯಾಗುತ್ತೆ ಅಂತ ಹೇಳಿದ್ದರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿಗೆಲ್ಲ ಅದೇ ಗತಿ. ಫಿಟ್ಸ್ ಕಡಿಮೆಯಾಗುತ್ತಿತ್ತು, ಆದರೆ ಮುಖದ ತುಂಬ ಗುಳ್ಳೆ, ಹಗಲೆಲ್ಲ ಮಂಪರು, ಮಾತು ತೊದಲು, ನೆನಪು ಮಬ್ಬು. ಕಾಯಿಲೆ ಹೋಗಿ ಮನುಷ್ಯನೂ ಅರ್ಧ ಹೋದ ಹಾಗೆ.

ಆಮೇಲೆ ಬಂದದ್ದು ಬಾರ್ಬಿಟ್ಯುರೇಟ್ ಗುಂಪಿನ ಔಷಧಿಗಳು. 1864ರಲ್ಲಿ ಆಡಾಲ್ಫ್ ಫಾನ್ ಬಾಯರ್ ಅನ್ನುವ ರಸಾಯನಶಾಸ್ತ್ರಜ್ಞ ಬಾರ್ಬಿಟ್ಯುರಿಕ್ ಆಮ್ಲ ತಯಾರಿಸಿದ. (ಮಾತ್ರೆ ಮಾಡುವ ಬಾಯರ್ ಕಂಪನಿಗೂ ಇವನಿಗೂ ಸಂಬಂಧ ಇಲ್ಲ, ಹೆಸರು ಮಾತ್ರ ಕೇಳಲು ಒಂದೇ ಥರ.) 1903ರಲ್ಲಿ ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೇರಿಂಗ್ ಅದರಿಂದ ವೆರೊನಾಲ್ ಅನ್ನುವ ನಿದ್ದೆ ಮಾತ್ರೆಯನ್ನು ತಂದರು. ಅದೇ ಗುಂಪಿನ ಇನ್ನೊಂದು ಲುಮಿನಾಲ್. ಬಾಯರ್ ಕಂಪನಿಯ ಹೈನ್‌ರಿಶ್ ಹೋರ್ಲೈನ್ ರೂಪಿಸಿದ್ದು. 1912ರಲ್ಲಿ ಅಂಗಡಿಗೆ ಬಂತು, ಅದೂ ನಿದ್ದೆ ಮಾತ್ರೆಯಾಗಿಯೇ.

ಇದು ಫಿಟ್ಸಿಗೆ ಆಗುತ್ತೆ ಅಂತ ಕಂಡುಕೊಂಡವರು ಕಂಪನಿಯವರಲ್ಲ, ಫ್ರೈಬುರ್ಗ್ ಊರಿನ ಮಾನಸಿಕ ಆಸ್ಪತ್ರೆಯ ಒಬ್ಬ ಅಸಿಸ್ಟೆಂಟ್ ಡಾಕ್ಟರು. ಹೆಸರು ಆಲ್ಫ್ರೆಡ್ ಹೌಪ್ಟ್‌ಮನ್. ಯಹೂದಿ. ಆಗ ಮೂವತ್ತೊಂದು ವರ್ಷ. ನಮ್ಮ ಲೆಕ್ಕದಲ್ಲಿ ಈಗಷ್ಟೇ ಪಿಜಿ ಮುಗಿಸಿದ ಹುಡುಗ. ಅವರ ರೂಮು ರೋಗಿಗಳ ವಾರ್ಡಿನ ಮೇಲೇ ಇತ್ತಂತೆ, ರಾತ್ರಿಯೆಲ್ಲ ಕೆಳಗೆ ಫಿಟ್ಸ್ ಬಂದವರ ಸದ್ದಿಗೆ ಇವರಿಗೂ ನಿದ್ದೆ ಇರಲಿಲ್ಲವಂತೆ, ಎಲ್ಲರೂ ಮಲಗಲಿ ಅಂತ ಹೊಸ ನಿದ್ದೆ ಮಾತ್ರೆ ಕೊಟ್ಟರಂತೆ ಅಂತ ಒಂದು ಕಥೆ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ನೈಟ್ ಡ್ಯೂಟಿ ಮಾಡಿದ ನನಗೆ ನಂಬಲು ಕಷ್ಟವಿಲ್ಲ. ಖಚಿತವಾದ ವಿಷಯ ಏನೆಂದರೆ, ಲುಮಿನಾಲ್ ತೆಗೆದುಕೊಂಡವರಿಗೆ ಬರೀ ನಿದ್ದೆ ಬರಲಿಲ್ಲ, ಫಿಟ್ಸ್ ಕಡಿಮೆಯಾಯಿತು, ಹಗಲು ಹೊತ್ತಿನಲ್ಲೂ. ಬ್ರೋಮೈಡಿಗೆ ಬಗ್ಗದವರಿಗೂ ಬಗ್ಗಿತು. ಹೌಪ್ಟ್‌ಮನ್ ಅದನ್ನು ಗಮನಿಸಿ, ಅದೇ 1912ರಲ್ಲಿ ಮ್ಯೂನಿಕ್‌ನ ವೈದ್ಯಕೀಯ ವಾರಪತ್ರಿಕೆಯಲ್ಲಿ ಬರೆದರು. ಬರಹ ಎರಡು ಮೂರು ಪುಟದ್ದಷ್ಟೇ.

ಇಲ್ಲಿ ಸ್ವಲ್ಪ ನರ್ಸಿಂಗ್ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ. ಮುಂದಿನ ಕಥೆ ಇದರ ಮೇಲೇ ನಿಂತಿದೆ.

ಒಂದು ಔಷಧಿ ನುಂಗಿದ ಮೇಲೆ ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕ ಒಂದಿದೆ. ಪ್ಯಾರಸಿಟಮಾಲಿಗೆ ಎರಡು ಮೂರು ಗಂಟೆ. ಅದಕ್ಕೇ ಜ್ವರ ಬಂದಾಗ ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕಾಗುತ್ತೆ. ಫಿನೋಬಾರ್ಬಿಟಾಲಿಗೆ ಗಂಟೆ ಅಲ್ಲ, ಮೂರು ನಾಲ್ಕು ದಿನ! ಇವತ್ತಿನ ಮಾತ್ರೆ ಪೂರ್ತಿ ಹೋಗುವ ಮೊದಲೇ ನಾಳೆಯದು, ನಾಡಿದ್ದಿನದು ಸೇರಿಕೊಳ್ಳುತ್ತೆ. ಎರಡು ಮೂರು ವಾರದಲ್ಲಿ ಕೆರೆ ತುಂಬಿ ಕೋಡಿಯ ಮಟ್ಟಕ್ಕೆ ಬಂದು ನಿಂತ ಹಾಗೆ ಒಂದು ಮಟ್ಟಕ್ಕೆ ನಿಲ್ಲುತ್ತೆ. ಆಮೇಲೆ ದಿನಕ್ಕೆ ಒಂದು ಮಾತ್ರೆ ಸಾಕು, ರಾತ್ರಿ ಊಟ ಆದ ಮೇಲೆ. ಒಂದು ಹೊತ್ತು ಹಿಂದೆ ಮುಂದೆ ಆದರೂ ಕೆರೆ ಬರಿದಾಗಲ್ಲ. ಹೊಲಕ್ಕೆ ಹೋಗುವವರಿಗೆ, ಕೂಲಿಗೆ ಹೋಗುವವರಿಗೆ, ದಿನಕ್ಕೆ ಮೂರು ಸಲ ನೆನಪಿಟ್ಟು ನುಂಗಲಾಗದವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ವರ್ಷಗಟ್ಟಲೆ ತೆಗೆದುಕೊಳ್ಳುವ ಮಾತ್ರೆಗೆ ಇರಬೇಕಾದ ಗುಣವೇ ಇದು. ಬೆಲೆಯೂ ಕಡಿಮೆ. 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸಲ ಅತ್ಯಗತ್ಯ ಔಷಧಿಗಳ ಪಟ್ಟಿ ಮಾಡಿದಾಗಲೇ ಇದು ಅದರಲ್ಲಿ ಇತ್ತು.

ಆ ನಿಧಾನ ಗುಣ ನೆನಪಿರಲಿ. ಈಗ ಫ್ರೈಬುರ್ಗಿಗೆ ವಾಪಸ್ ಹೋಗೋಣ.

ಹೌಪ್ಟ್‌ಮನ್ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಮುಖ್ಯಸ್ಥರ ಹೆಸರು ಆಲ್ಫ್ರೆಡ್ ಹೋಖೆ. ದೊಡ್ಡ ಪ್ರೊಫೆಸರ್. ಮೊದಲನೇ ಮಹಾಯುದ್ಧದಲ್ಲಿ ಅವರ ಒಬ್ಬನೇ ಮಗ ಸತ್ತ. ಆ ಯುದ್ಧದ ವರ್ಷಗಳಲ್ಲಿ ಜರ್ಮನಿಯ ಮಾನಸಿಕ ಆಸ್ಪತ್ರೆಗಳಲ್ಲಿ ರೇಷನ್ ಇಲ್ಲದೆ ಹಸಿವಿನಿಂದ, ಕಾಯಿಲೆಯಿಂದ ಸುಮಾರು 70,000 ರೋಗಿಗಳು ಸತ್ತರು ಅಂತ ಲೆಕ್ಕ. ಯುದ್ಧ ಮುಗಿದು ಸೋತ ದೇಶದಲ್ಲಿ, 1920ರಲ್ಲಿ, ಹೋಖೆ ಮತ್ತು ಕಾರ್ಲ್ ಬಿಂಡಿಂಗ್ ಅನ್ನುವ ಕಾನೂನು ಪಂಡಿತರು ಸೇರಿ ಒಂದು ಚಿಕ್ಕ ಪುಸ್ತಕ ತಂದರು. ಬದುಕಲು ಯೋಗ್ಯವಲ್ಲದ ಜೀವಗಳನ್ನು ಮುಗಿಸಲು ಕಾನೂನು ಅನುಮತಿ ಕೊಡಬೇಕು ಅನ್ನುವುದು ಅದರ ವಾದ. ವಾಸಿಯಾಗದ ರೋಗಿಗಳಿಗೆ ಎಷ್ಟು ಹಾಸಿಗೆ, ಎಷ್ಟು ದುಡ್ಡು, ಎಷ್ಟು ನರ್ಸುಗಳ ಕೆಲಸ ಹೋಗುತ್ತೆ ಅಂತ ಲೆಕ್ಕ ಹಾಕಿದ್ದರು. ರೋಗಿಗಳನ್ನು ಹೊರೆ ಅಂದರು.

ಯೋಚನೆ ಮಾಡಿ. ಒಂದೇ ಕಟ್ಟಡ. ಚಿಕ್ಕ ಡಾಕ್ಟರು ಆಶ್ರಮದಲ್ಲಿ ಕೊಳೆಯುತ್ತಿದ್ದ ರೋಗಿಗಳು ಎದ್ದು ಮನೆಗೆ ಹೋಗುವ ದಾರಿ ಕಂಡುಹಿಡಿದ. ದೊಡ್ಡ ಡಾಕ್ಟರು ಎಂಟು ವರ್ಷದ ಮೇಲೆ ಅಂಥವರನ್ನು ಯಾಕೆ ಉಳಿಸಿಕೊಳ್ಳಬೇಕು ಅಂತ ಬರೆದರು.

1933ರಲ್ಲಿ ಹಿಟ್ಲರ್ ಬಂದ. ಅದೇ ಜುಲೈ ತಿಂಗಳಲ್ಲಿ ಬಂದ ಕಾನೂನಿನ ಪ್ರಕಾರ, ವಂಶದಿಂದ ಬರುವ ಕಾಯಿಲೆ ಇರುವವರಿಗೆ ಬಲವಂತವಾಗಿ ಸಂತಾನಹರಣ ಆಪರೇಷನ್ ಮಾಡಬಹುದಾಗಿತ್ತು. ಪಟ್ಟಿಯಲ್ಲಿ ಮೂರ್ಛೆರೋಗವೂ ಇತ್ತು. ಹೆಚ್ಚುಕಡಿಮೆ 4 ಲಕ್ಷ ಜನಕ್ಕೆ ಹಾಗೆ ಮಾಡಿದರು. 1935ರ ಇನ್ನೊಂದು ಕಾನೂನು ಅಂಥವರು ಮದುವೆಯಾಗುವುದನ್ನೇ ತಡೆಯಿತು. ಮಾತ್ರೆ ತೆಗೆದುಕೊಂಡು ಹತ್ತು ವರ್ಷದಿಂದ ಫಿಟ್ಸ್ ಇಲ್ಲದೆ ಇದ್ದವರಿಗೂ ಫೈಲಿನಲ್ಲಿ ಆ ಪದ ಇದ್ದರೆ ಮುಗಿಯಿತು. ಅದನ್ನು ಓದಿದಾಗ ನನಗೆ ಒಂದು ವಿಷಯ ಅರ್ಥವಾಯಿತು. ನಮ್ಮ ವಾರ್ಡಿನಲ್ಲಿ ತೀರಾ ವಯಸ್ಸಾದ ಕೆಲವರು ಇವತ್ತಿಗೂ ಮೂರ್ಛೆರೋಗ ಅನ್ನುವ ಪದವನ್ನು ಬಾಯಲ್ಲಿ ಹೇಳಲ್ಲ. "ನನ್ನ ವಿಷಯ" ಅನ್ನುತ್ತಾರೆ. ನಮ್ಮೂರಲ್ಲೂ ಹೇಳಲ್ಲ, "ಆ ಕಾಯಿಲೆ" ಅನ್ನುತ್ತೇವೆ. ಎರಡರ ಹಿಂದಿನ ಭಯ ಬೇರೆ ಬೇರೆ.

1939ರ ಸೆಪ್ಟೆಂಬರ್ 1ರ ತಾರೀಕು ಹಾಕಿದ ಒಂದು ಕಾಗದಕ್ಕೆ ಹಿಟ್ಲರ್ ಸಹಿ ಮಾಡಿದ. ಬರ್ಲಿನ್ನಿನ ಟೀಯರ್‌ಗಾರ್ಟನ್ ಬೀದಿಯ 4ನೇ ನಂಬರ್ ಮನೆಯಲ್ಲಿ ಆಫೀಸು ತೆರೆದರು. ಅದಕ್ಕೇ ಆ ಕಾರ್ಯಕ್ರಮಕ್ಕೆ ಟಿ4 ಅಂತ ಹೆಸರು. ದೇಶದ ಆಸ್ಪತ್ರೆಗಳಿಗೆಲ್ಲ ಫಾರಂ ಹೋಯಿತು: ರೋಗಿಯ ಕಾಯಿಲೆ ಏನು, ಎಷ್ಟು ವರ್ಷದಿಂದ ಇದ್ದಾರೆ, ಕೆಲಸ ಮಾಡುತ್ತಾರಾ, ನೋಡಲು ಯಾರಾದರೂ ಬರುತ್ತಾರಾ. ಮೂರ್ಛೆರೋಗಕ್ಕೆ ಪ್ರತ್ಯೇಕ ಜಾಗ ಇತ್ತು. ಡಾಕ್ಟರುಗಳು ರೋಗಿಯ ಮುಖ ನೋಡದೆ ಫಾರಂ ಮೇಲೆ ಗುರುತು ಹಾಕುತ್ತಿದ್ದರು. ಬೂದು ಬಣ್ಣದ ಬಸ್ಸುಗಳು ಬಂದು ಕರೆದುಕೊಂಡು ಹೋಗುತ್ತಿದ್ದವು. ಆರು ಕಡೆ ವಿಷಾನಿಲದ ಕೋಣೆ ಕಟ್ಟಿದ್ದರು. 1941ರ ಆಗಸ್ಟ್ ಹೊತ್ತಿಗೆ ಸತ್ತವರು 70,000ಕ್ಕೂ ಹೆಚ್ಚು. ಆ ಆಗಸ್ಟ್ 3ರಂದು ಮ್ಯೂನ್‌ಸ್ಟರ್ ಊರಿನ ಬಿಷಪ್ ಫಾನ್ ಗಾಲನ್ ಚರ್ಚಿನಲ್ಲಿ ಬಾಯಿಬಿಟ್ಟು ಇದನ್ನು ಕೊಲೆ ಅಂದರು. ಅದೇ ತಿಂಗಳು 24ಕ್ಕೆ ಅನಿಲದ ಕೋಣೆಗಳ ಕೆಲಸ ನಿಲ್ಲಿಸಲು ಆರ್ಡರ್ ಬಂತು.

ನಿಂತದ್ದು ಕೋಣೆ ಮಾತ್ರ. ಕೊಲ್ಲುವುದು ವಾರ್ಡಿನೊಳಕ್ಕೆ ಬಂತು. ಬಂದದ್ದು ಲುಮಿನಾಲ್ ಮೂಲಕ.

ಅದರ ದಾರಿ ತೋರಿಸಿದವನು ಹರ್ಮನ್ ಪೌಲ್ ನಿಟ್ಶೆ, ಲೈಪ್‌ಸಿಗ್‌ನ ಡ್ಯೋಸನ್ ಆಸ್ಪತ್ರೆಯ ಮುಖ್ಯಸ್ಥ. 1940ರ ಶುರುವಿನಲ್ಲೇ ಅಲ್ಲಿ ಪ್ರಯೋಗ ಮಾಡಿದ್ದ. ಒಂದೇ ಸಲಕ್ಕೆ ವಿಷದಂತೆ ಜಾಸ್ತಿ ಕೊಡಲಿಲ್ಲ. ಚಿಕಿತ್ಸೆಯ ಡೋಸಿಗಿಂತ ಸ್ವಲ್ಪ ಹೆಚ್ಚು, ದಿನಕ್ಕೆ ಮೂರು ಸಲ, ಕೆಲವು ದಿನ. ಜೊತೆಗೆ ಊಟ ಕಡಿಮೆ. ಈಗ ಆ ಕೆರೆಯ ಲೆಕ್ಕ ನೆನಪು ಮಾಡಿಕೊಳ್ಳಿ. ಹೊರಗೆ ಹೋಗುವುದು ನಿಧಾನ, ಒಳಗೆ ಬರುವುದು ಮೂರು ಪಟ್ಟು. ಮೊದಲೇ ಬಡಕಲಾದ ಮೈ. ರೋಗಿ ಮಂಪರಿಗೆ ಹೋಗುತ್ತಾರೆ, ಉಸಿರು ಮೇಲೆ ಮೇಲೆ ಆಗುತ್ತೆ, ಕೆಮ್ಮಲು ಶಕ್ತಿ ಇಲ್ಲ, ಕಫ ಎದೆಯಲ್ಲಿ ನಿಲ್ಲುತ್ತೆ, ನ್ಯುಮೋನಿಯಾ ಆಗುತ್ತೆ. ನಾಲ್ಕಾರು ದಿನಕ್ಕೆ ಸಾವು. ಮರಣ ಪತ್ರದಲ್ಲಿ ನ್ಯುಮೋನಿಯಾ ಅಂತ ಬರೆದರೆ ಅದು ಸುಳ್ಳೂ ಅಲ್ಲ! ಚಾರ್ಟ್ ನೋಡಿದವರಿಗೆ ಗೊತ್ತಿರುವ ಔಷಧಿ, ನೋಡಿ ಅಭ್ಯಾಸವಾದ ಮಾತ್ರೆ. ವರ್ಷಗಟ್ಟಲೆ ನುಂಗುವವರಿಗೆ ವರವಾದ ಗುಣವನ್ನೇ ತಿರುಗಿಸಿ ಕೊಲೆಗೆ ಹಾಕಿಕೊಂಡರು. ಮಕ್ಕಳ ವಾರ್ಡುಗಳಲ್ಲೂ ಹೆಚ್ಚಾಗಿ ಬಳಸಿದ್ದು ಇದನ್ನೇ, ಊಟದಲ್ಲಿ ಕಲಸಿ. ಹಾಗೆ ಸತ್ತ ಮಕ್ಕಳು ಕಡಿಮೆಯೆಂದರೂ 5,000.

ನಾನು ಬಿಎಸ್ಸಿ ನರ್ಸಿಂಗ್ ಓದುವಾಗ ಕೊನೆಯವರೆಗೂ ಬಾಯಿಪಾಠ ಮಾಡಿಸಿದ ಮಾತು ಒಂದಿತ್ತು: ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಡೋಸು, ಸರಿಯಾದ ದಾರಿ, ಸರಿಯಾದ ಸಮಯ. ಆ ವಾರ್ಡುಗಳಲ್ಲಿ ಔಷಧಿ ಸರಿ ಇತ್ತು, ಚಾರ್ಟಿನಲ್ಲಿ ಬರೆದ ರೋಗಿಗೇ ಕೊಟ್ಟರು, ಸಮಯಕ್ಕೆ ಕೊಟ್ಟರು, ಬರೆದಷ್ಟೇ ಕೊಟ್ಟರು. ಈ ಐದರಲ್ಲಿ ಯಾವುದೂ ಅವರನ್ನು ತಡೆಯಲಿಲ್ಲ.

ಯಾಕೆ ಅಂದರೆ ಕೊಟ್ಟವರು ನರ್ಸುಗಳು. ಇದನ್ನು ಬರೆಯುವುದಕ್ಕೇ ನಾನು ಇಷ್ಟು ಸುತ್ತಿ ಬಂದದ್ದು.

ಫ್ರಾಂಕ್‌ಫರ್ಟಿನಿಂದ ಲಿಂಬುರ್ಗ್ ಮೇಲೆ ಹೋದರೆ ಹಡಮಾರ್ ಅನ್ನುವ ಚಿಕ್ಕ ಊರು ಸಿಗುತ್ತೆ. ಹೋದ ವರ್ಷ ರಜೆಯ ದಿನ ಒಬ್ಬಳೇ ಹೋಗಿದ್ದೆ. ಗುಡ್ಡದ ಮೇಲೆ ಆಸ್ಪತ್ರೆ, ಈಗಲೂ ಮಾನಸಿಕ ಆಸ್ಪತ್ರೆಯೇ. ಅದರ ಒಂದು ಭಾಗ 1983ರಿಂದ ಸ್ಮಾರಕ. ನೆಲಮಾಳಿಗೆಯಲ್ಲಿ ಆ ಕೋಣೆ ಇದೆ, ಕಪ್ಪು ಬಿಳಿ ಚೌಕದ ಟೈಲ್ಸಿನ ನೆಲ, ನಮ್ಮ ಹಳೇ ಮನೆಗಳ ಪಡಸಾಲೆಯ ಥರ. 1941ರಲ್ಲಿ ಎಂಟು ತಿಂಗಳಲ್ಲಿ ಅಲ್ಲಿ 10,000ಕ್ಕೂ ಹೆಚ್ಚು ಜನರನ್ನು ಕೊಂದರು. ಹತ್ತು ಸಾವಿರ ಮುಟ್ಟಿದ ದಿನ ಸಿಬ್ಬಂದಿ ಬಿಯರ್ ಕುಡಿದು ಆಚರಿಸಿದರು. ಅದರ ಬಗ್ಗೆ ಹೆಚ್ಚು ಬರೆಯಲ್ಲ.

ನನ್ನನ್ನು ನಿಲ್ಲಿಸಿದ್ದು ಎರಡನೇ ಹಂತದ ಕಥೆ. 1942ರ ಆಗಸ್ಟಿನಿಂದ 1945ರ ಮಾರ್ಚಿನವರೆಗೆ ಅಲ್ಲಿ ಸುಮಾರು 4,400 ಜನ ಸತ್ತರು, ಅನಿಲವಿಲ್ಲದೆ. ಬೆಳಿಗ್ಗೆ ಡಾಕ್ಟರ್ ಆಡಾಲ್ಫ್ ವಾಲ್‌ಮನ್ ರೂಮಿನಲ್ಲಿ ಮೀಟಿಂಗು. ಹೆಡ್ ನರ್ಸ್ ಇರ್ಮ್‌ಗಾರ್ಡ್ ಹೂಬರ್, ಗಂಡಸರ ಕಡೆಯ ಹೆಡ್ ನರ್ಸ್ ಹೈನ್‌ರಿಶ್ ರುಓಫ್ ಬರುತ್ತಿದ್ದರು. ಯಾರಿಗೆ ಅಂತ ಅಲ್ಲಿ ತೀರ್ಮಾನ. ಸಂಜೆ ವಾರ್ಡಿನಲ್ಲಿ ಲುಮಿನಾಲ್, ವೆರೊನಾಲ್ ಥರದ ಮಾತ್ರೆ ಹೆಚ್ಚಿನ ಪ್ರಮಾಣದಲ್ಲಿ. ಬೆಳಿಗ್ಗೆಗೆ ಇನ್ನೂ ಉಸಿರಾಡುತ್ತಿದ್ದರೆ ಮಾರ್ಫಿನ್ ಮತ್ತು ಸ್ಕೋಪೊಲಮಿನ್ ಇಂಜೆಕ್ಷನ್. ಅಂದರೆ ಹ್ಯಾಂಡೋವರ್. ನಾವು ದಿನಾ ಮಾಡುವ ಅದೇ ಕೆಲಸ: ರಾತ್ರಿಯವರು ಬೆಳಗಿನವರಿಗೆ ಹೇಳಿ ಹೋಗುವುದು, 6ನೇ ಹಾಸಿಗೆಗೆ ಇಂತಿಂಥದ್ದು ಆಗಿದೆ, ಇಂಥದ್ದು ಬಾಕಿ ಇದೆ ಅಂತ.

ಆಗ ಜರ್ಮನಿಯ ಭಾಗವಾಗಿದ್ದ, ಈಗ ಪೋಲೆಂಡಿನಲ್ಲಿರುವ ಮೆಸೆರಿಟ್ಸ್-ಒಬ್ರಾವಾಲ್ಡ ಆಸ್ಪತ್ರೆಯಲ್ಲೂ ಹೀಗೇ. ಅಲ್ಲಿನ ನರ್ಸುಗಳು ಮುಂದೆ ಕೋರ್ಟಿನಲ್ಲಿ ಹೇಳಿದ್ದನ್ನು ಓದಿದ್ದೇನೆ. ಮಾತ್ರೆಯನ್ನು ನೀರಿನಲ್ಲಿ ಕರಗಿಸುತ್ತಿದ್ದರು. ರೋಗಿಯ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿ, ಸಮಾಧಾನದ ಮಾತು ಹೇಳಿ, ಕುಡಿಸುತ್ತಿದ್ದರು. ಬೆನ್ನಿಗೆ ಕೈ ಕೊಟ್ಟು ಕೂರಿಸುವುದನ್ನು ನಮಗೆ ಮೊದಲನೇ ವರ್ಷದಲ್ಲೇ ಕಲಿಸುತ್ತಾರೆ.

ಶಿಕ್ಷೆ ಆಯಿತಾ ಅಂತ ಕೇಳುತ್ತೀರಿ. ಸ್ವಲ್ಪ. ಅಮೆರಿಕದ ಸೈನ್ಯ 1945ರ ಮಾರ್ಚಿನಲ್ಲಿ ಹಡಮಾರ್ ತಲುಪಿತು. ಅಕ್ಟೋಬರಿನಲ್ಲಿ ವೀಸ್‌ಬಾಡನ್ನಿನಲ್ಲಿ ವಿಚಾರಣೆ. ರುಓಫ್ ಸೇರಿ ಮೂವರಿಗೆ ಗಲ್ಲು, ವಾಲ್‌ಮನ್‌ಗೆ ಜೀವಾವಧಿ, ಹೂಬರ್‌ಗೆ 25 ವರ್ಷ. ಆ 25 ವರ್ಷ ಏಳು ವರ್ಷಕ್ಕೇ ಮುಗಿಯಿತು, 1952ರಲ್ಲಿ ಬಿಡುಗಡೆ. ನಿಟ್ಶೆಯನ್ನು 1948ರಲ್ಲಿ ಡ್ರೆಸ್ಡನ್ನಿನಲ್ಲಿ ಕೊಂದರು. ಒಬ್ರಾವಾಲ್ಡದ ಡಾಕ್ಟರ್ ಹಿಲ್ಡೆ ವೆರ್ನಿಕೆ ಮತ್ತು ನರ್ಸ್ ಹೆಲೆನೆ ವೀಚೊರೆಕ್ ಇಬ್ಬರಿಗೂ 1947ರಲ್ಲಿ ಮರಣದಂಡನೆ. ಆದರೆ ಅದೇ ಆಸ್ಪತ್ರೆಯ 14 ನರ್ಸುಗಳ ಕೇಸು 1965ರಲ್ಲಿ ಮ್ಯೂನಿಕ್ ಕೋರ್ಟಿಗೆ ಬಂದಾಗ ಎಲ್ಲರೂ ಖುಲಾಸೆ. ಡಾಕ್ಟರು ಹೇಳಿದ್ದನ್ನು ಮಾಡಿದೆವು ಅಂದರು.

ಆಗಲ್ಲ ಅಂದವರು ಇರಲಿಲ್ಲವಾ? ಇದ್ದರು. ಸಾಲ್ಸ್‌ಬುರ್ಗ್‌ನಲ್ಲಿ ಅನ್ನಾ ಬೆರ್ತಾ ಕೋನಿಗ್ಸೆಗ್ ಅನ್ನುವ ಸನ್ಯಾಸಿನಿ ಇದ್ದರು, ಆಸ್ಪತ್ರೆಗಳಲ್ಲಿ ನರ್ಸಿಂಗ್ ಮಾಡುವ ಸಿಸ್ಟರುಗಳ ಮುಖ್ಯಸ್ಥೆ. ರೋಗಿಗಳನ್ನು ಸಾಗಿಸುವ ಕೆಲಸಕ್ಕೆ ಯಾರೂ ಕೈ ಹಾಕಬೇಡಿ ಅಂತ ತಮ್ಮ ಸಿಸ್ಟರುಗಳಿಗೆ ಹೇಳಿದರು, ಮೇಲಿನವರಿಗೆ ಕಾಗದವನ್ನೂ ಬರೆದರು. ಗೆಸ್ಟಾಪೊ ಎರಡು ಸಲ ಹಿಡಿದುಕೊಂಡು ಹೋಯಿತು. ಆದರೂ ಬದುಕಿದರು. ನಮ್ಮ ನರ್ಸಿಂಗ್ ಕಾಲೇಜಿನ ಚರಿತ್ರೆಯ ಪಾಠದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಇದ್ದರು, ದೀಪ ಹಿಡಿದುಕೊಂಡು. ಇವರ ಹೆಸರು ಇರಲಿಲ್ಲ, ಹೂಬರ್ ಹೆಸರೂ ಇರಲಿಲ್ಲ. ನನ್ನ ಪ್ರಕಾರ ಇಬ್ಬರ ಹೆಸರೂ ಇರಬೇಕು.

ಹೌಪ್ಟ್‌ಮನ್ ಏನಾದರು? 1926ರಲ್ಲಿ ಹಾಲೆ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರು. 1935ರಲ್ಲಿ ಯಹೂದಿ ಅನ್ನುವ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆದರು. 1938ರ ನವೆಂಬರಿನಲ್ಲಿ ದೇಶದ ತುಂಬ ಯಹೂದಿಗಳ ಮನೆ, ಅಂಗಡಿ, ದೇವಾಲಯ ಸುಟ್ಟಾಗ ಇವರನ್ನೂ ಹಿಡಿದು ಡಾಹಾವ್ ಕ್ಯಾಂಪಿಗೆ ಹಾಕಿದರು. ಬಿಡುಗಡೆಯಾದ ಮೇಲೆ ಸ್ವಿಟ್ಜರ್ಲೆಂಡ್ ದಾಟಿ ಅಮೆರಿಕ ಸೇರಿದರು. ಅರವತ್ತರ ಹತ್ತಿರದಲ್ಲಿ ಬಾಸ್ಟನ್ನಿನಲ್ಲಿ ಹೊಸದಾಗಿ ಶುರು. ಅಲ್ಲೂ ಸುಮ್ಮನೆ ಕೂರಲಿಲ್ಲ. ತಮ್ಮಂತೆಯೇ ಓಡಿ ಬಂದಿದ್ದ ಝೀಗ್‌ಫ್ರೀಡ್ ಟಾನ್‌ಹೌಸರ್ ಜೊತೆ 1941ರಲ್ಲಿ ಸ್ನಾಯು ಕ್ಷೀಣಿಸುವ ಒಂದು ಕಾಯಿಲೆಯ ಬಗ್ಗೆ ಬರೆದರು. ಆ ಕಾಯಿಲೆಗೆ ಈಗಲೂ ಇಬ್ಬರ ಹೆಸರಿದೆ. 1948ರಲ್ಲಿ ತೀರಿಕೊಂಡರು. ಲುಮಿನಾಲ್ ರೂಪಿಸಿದ ಹೋರ್ಲೈನ್ ಯುದ್ಧಕಾಲದಲ್ಲಿ ಐ.ಜಿ. ಫಾರ್ಬೆನ್ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದರು. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಿಂತು, ಅದೇ 1948ರಲ್ಲಿ ಖುಲಾಸೆಯಾದರು.

ಬರ್ಲಿನ್ನಿನ ಆ 4ನೇ ನಂಬರ್ ಮನೆ ಈಗಿಲ್ಲ. ಆ ಜಾಗದಲ್ಲಿ 2014ರಿಂದ 24 ಮೀಟರ್ ಉದ್ದದ ನೀಲಿ ಗಾಜಿನ ಗೋಡೆ ನಿಂತಿದೆ. ಯುದ್ಧ ಮುಗಿದು ಅಷ್ಟು ವರ್ಷ ಬೇಕಾಯಿತು. ಇಲ್ಲಿನ ಮನೋವೈದ್ಯರ ಸಂಘ ಸತ್ತವರ ಮನೆಯವರ ಕ್ಷಮೆ ಕೇಳಿದ್ದು 2010ರಲ್ಲಿ.

ನಮ್ಮ ವಾರ್ಡಿನ ಒಬ್ಬ ಅಜ್ಜಿ ಮಾತ್ರೆ ಕಪ್ಪು ಕೊಟ್ಟಾಗಲೆಲ್ಲ ಒಂದೊಂದನ್ನೂ ಅಂಗೈ ಮೇಲೆ ಸುರಿದುಕೊಂಡು, ಇದು ಯಾವುದು, ಇದು ಯಾರು ಬರೆದದ್ದು ಅಂತ ಕೇಳಿ ಆಮೇಲೆ ನುಂಗುತ್ತಿದ್ದರು. ಬೆಳಗಿನ ಗಡಿಬಿಡಿಯಲ್ಲಿ ಕಷ್ಟ. ನನ್ನ ಹಿರಿಯ ಸಹೋದ್ಯೋಗಿ ಹೇಳಿದರು: "ಅವರ ಚಿಕ್ಕಮ್ಮನನ್ನು ಬಸ್ಸು ಕರೆದುಕೊಂಡು ಹೋಗಿತ್ತು. ಉತ್ತರ ಹೇಳು, ಐದು ನಿಮಿಷ ಹೋಗಲಿ." ಈಗ ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಈಗ ನಮ್ಮ ಕಡೆಗೆ ಬರುತ್ತೇನೆ. ಇಷ್ಟೆಲ್ಲ ಆದ ಈ ಮಾತ್ರೆ ನಮ್ಮ ಪಕ್ಕದ ಯಳಂದೂರಿನಲ್ಲೇ ಚರಿತ್ರೆ ಮಾಡಿದೆ. ಎಷ್ಟು ಜನಕ್ಕೆ ಗೊತ್ತು? ನನಗೇ ಇಲ್ಲಿ ಬಂದ ಮೇಲೆ ಗೊತ್ತಾದದ್ದು. ಒಬ್ಬ ಜರ್ಮನ್ ಡಾಕ್ಟರು ನನ್ನ ಊರು ಕೇಳಿ, ಮ್ಯಾಪಿನಲ್ಲಿ ತೋರಿಸಿದಾಗ, "ಯಳಂದೂರ್ ಸ್ಟಡಿ ನಡೆದ ಯಳಂದೂರಾ?" ಅಂದರು. ನಾನು ಬಿಳಿಗಿರಿರಂಗನ ಬೆಟ್ಟದ ಯಳಂದೂರು, ದಿವಾನ್ ಪೂರ್ಣಯ್ಯನವರ ಯಳಂದೂರು ಅನ್ನಲು ಹೊರಟಿದ್ದೆ.

1990ರ ಸುಮಾರಿಗೆ, ಆಗಿನ್ನೂ ಯಳಂದೂರು ಮೈಸೂರು ಜಿಲ್ಲೆಯಲ್ಲೇ ಇತ್ತು, ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ತಾಲ್ಲೂಕಿನಲ್ಲಿ ಮನೆ ಮನೆಗೆ ಹೋಗಿ ಮೂರ್ಛೆರೋಗ ಇರುವವರನ್ನು ಹುಡುಕಿಸಿದರು. ಆ ತಾಲ್ಲೂಕಿಗೆ ಇಂಥ ಕೆಲಸ ಹೊಸದಲ್ಲ. ಕುಷ್ಠರೋಗಕ್ಕೆಂದು 1986ರಲ್ಲಿ ಶುರುವಾದ ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ ಅಲ್ಲೇ ಮನೆ ಮನೆ ಸುತ್ತುತ್ತಿತ್ತು. ಮೂರ್ಛೆರೋಗಕ್ಕೆ ಚಿಕಿತ್ಸೆ ಪಡೆಯದೆ ಇದ್ದ 135 ಜನಕ್ಕೆ ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್, ಕೆಲವರಿಗೆ ಎರಡೂ, ಕೊಟ್ಟು ಐದು ವರ್ಷ ಬೆನ್ನುಹತ್ತಿದರು. ಸ್ಕ್ಯಾನಿಂಗ್ ಇಲ್ಲ, ದೊಡ್ಡ ಆಸ್ಪತ್ರೆ ಇಲ್ಲ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಫಿಟ್ಸ್ ನಿಂತಿತು. ಫಿನೋಬಾರ್ಬಿಟಾಲ್ ಖರ್ಚು ಒಬ್ಬರಿಗೆ ವರ್ಷಕ್ಕೆ ಸುಮಾರು 11 ಡಾಲರ್. 2001ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇನ್ನೊಂದು ವಿಷಯವೂ ಅದರಲ್ಲಿ ಇದೆ: ಚಿಕಿತ್ಸೆಗೆ ಮೊದಲೇ 30ಕ್ಕಿಂತ ಹೆಚ್ಚು ಸಲ ದೊಡ್ಡ ಫಿಟ್ಸ್ ಬಂದಿದ್ದವರಿಗೆ ಮಾತ್ರೆಯ ಫಲ ಕಡಿಮೆ. ಅಂದರೆ ಬೀಗದ ಕೈ, ಈರುಳ್ಳಿ, ಹರಕೆ ಅಂತ ಕಳೆದ ವರ್ಷಗಳಿಗೆ ಲೆಕ್ಕ ಇದೆ.

ಮದುವೆಯ ವಿಷಯಕ್ಕೂ ಒಂದು ಮಾತು, ತುಂಬ ಜನ ಕೇಳುತ್ತೀರಿ. ನಮ್ಮ ಹಿಂದೂ ವಿವಾಹ ಕಾಯ್ದೆಗೆ 1976ರ ತಿದ್ದುಪಡಿಯಲ್ಲಿ, ಪದೇ ಪದೇ ಮೂರ್ಛೆರೋಗ ಬರುವವರು ಮದುವೆಗೆ ಅರ್ಹರಲ್ಲ ಅಂತ ಸೇರಿಸಿದ್ದರು. ಹುಚ್ಚಿನ ಪಕ್ಕದಲ್ಲೇ ಅದನ್ನೂ ಬರೆದಿದ್ದರು. 1935ರ ಜರ್ಮನಿಯ ಆ ಕಾನೂನು ಓದಿದವರಿಗೆ ಇದು ಎಲ್ಲೋ ಕೇಳಿದ ಹಾಗೆ ಅನ್ನಿಸುತ್ತೆ. 1999ರಲ್ಲಿ ಆ ಪದವನ್ನು ಕಾಯ್ದೆಯಿಂದ ತೆಗೆದರು. ಇಪ್ಪತ್ತೈದು ವರ್ಷ ದಾಟಿತು. ಮೂರ್ಛೆರೋಗ ಇದ್ದವರ ಮದುವೆಗೆ ಈಗ ಕಾನೂನು ಅಡ್ಡ ಬರಲ್ಲ, ಅಡ್ಡ ಬರುತ್ತಿರುವವರು ನಾವು. ಮುಚ್ಚಿಟ್ಟು ಮದುವೆ ಮಾಡಿದರೆ ಆ ಹುಡುಗಿ ಮಾತ್ರೆಯನ್ನು ಬಚ್ಚಿಟ್ಟು ನುಂಗಬೇಕು, ಇಲ್ಲ ಬಿಡಬೇಕು. ಎರಡೂ ಅಪಾಯ. ಮೊದಲೇ ಹೇಳಿ. ಒಪ್ಪದವರು ಒಪ್ಪದಿರಲಿ.

ಕೊನೆಗೆ, ಈ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಹೇಳಬೇಕಾದ್ದು. ದಿಢೀರ್ ಅಂತ ನಿಲ್ಲಿಸಬೇಡಿ. ಮೆದುಳು ಅದಕ್ಕೆ ಹೊಂದಿಕೊಂಡಿರುತ್ತೆ, ಒಮ್ಮೆಲೇ ತೆಗೆದರೆ ಒಂದರ ಮೇಲೊಂದು ಫಿಟ್ಸ್ ಬಂದು ನಿಲ್ಲದೇ ಹೋಗಬಹುದು, ಜೀವಕ್ಕೇ ಅಪಾಯ. ಎರಡು ವರ್ಷಕ್ಕೂ ಹೆಚ್ಚು ಕಾಲ ಫಿಟ್ಸ್ ಇಲ್ಲದೇ ಇದ್ದರೆ ಕಡಿಮೆ ಮಾಡಬಹುದಾ ಅಂತ ಡಾಕ್ಟರನ್ನು ಕೇಳಬಹುದು, ಖಂಡಿತ ಕೇಳಿ. ಆದರೆ ಅವರು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಬಹಳ ವರ್ಷದಿಂದ ತೆಗೆದುಕೊಳ್ಳುತ್ತಿದ್ದರೆ ಮೂಳೆ ಮತ್ತು ವಿಟಮಿನ್ ಡಿ ಬಗ್ಗೆ ವಿಚಾರಿಸಿ, ಮೂಳೆ ಸವೆಯುತ್ತೆ. ಗರ್ಭನಿರೋಧಕ ಮಾತ್ರೆಯ ಫಲವನ್ನು ಇದು ಕಡಿಮೆ ಮಾಡುತ್ತೆ, ರಕ್ತ ತೆಳು ಮಾಡುವ ಮಾತ್ರೆಯ ಲೆಕ್ಕವನ್ನೂ ಏರುಪೇರು ಮಾಡುತ್ತೆ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಇದನ್ನು ಹೇಳಿ. ಮಗು ಬೇಕು ಅಂದುಕೊಂಡಿರುವವರು ಗರ್ಭ ನಿಲ್ಲುವ ಮೊದಲೇ ಡಾಕ್ಟರನ್ನು ನೋಡಿ, ಅವರು ಮಾತ್ರೆ ಬದಲಾಯಿಸಬಹುದು. ಮಧ್ಯ ತಿಂಗಳಲ್ಲಿ ಹೆದರಿ ನೀವೇ ಬಿಡಬೇಡಿ. ಮದ್ಯದ ಜೊತೆ ಬೇಡವೇ ಬೇಡ. ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ.

ಇಲ್ಲಿ 2016ರಿಂದ ಮೂರು ಅಥವಾ ಹೆಚ್ಚು ಮಾತ್ರೆ ದಿನಾ ತೆಗೆದುಕೊಳ್ಳುವ ಪ್ರತಿಯೊಬ್ಬರೂ ಡಾಕ್ಟರಿಂದ ಒಂದು ಹಾಳೆ ಕೇಳಿ ಪಡೆಯಬಹುದು. ಯಾವ ಮಾತ್ರೆ, ಎಷ್ಟು, ಯಾವ ಹೊತ್ತು, ಯಾತಕ್ಕೆ ಅಂತ ಅದರಲ್ಲಿ ಇರುತ್ತೆ. "ಯಾತಕ್ಕೆ" ಅನ್ನುವ ಕಲಂ ನನಗೆ ತುಂಬ ಇಷ್ಟ. ಅಂಥದ್ದೊಂದು ಹಾಳೆಯನ್ನು ಕನ್ನಡದಲ್ಲಿ ಮಾಡಿ ಕೆಳಗೆ ಫೋಟೋ ಹಾಕಿದ್ದೇನೆ. ಅಪ್ಪ ಅಮ್ಮಂದಿರ ಬಿಪಿ, ಶುಗರ್ ಮಾತ್ರೆಗೂ ಆಗುತ್ತೆ. ಪ್ರಿಂಟ್ ತೆಗೆದು, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಆ ಕಲಂ ಅವರ ಎದುರಿಗೇ ತುಂಬಿಸಿಕೊಂಡು ಬನ್ನಿ.